ಪೋರ್ಟಲ್, ಇಡಿಐ ಮತ್ತು ಉದ್ಯಮಬಾಗದ ಒಂದು ಫೌಂಡ್ರಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ತಂದೆಯವರು ಆರಂಭಿಸಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಎರಕ ಹೊಯ್ದು, ಹತ್ತಿರದ ಮಶೀನ್ ಶಾಪ್‌ಗಳಲ್ಲಿ ಜಾಬ್ ವರ್ಕ್ ಮಾಡಿಸಿ, ಪುಣೆಯ ಟ್ರ್ಯಾಕ್ಟರ್ ಬಿಡಿಭಾಗದ ಕಂಪನಿಗೂ ಜರ್ಮನಿಯ ಟ್ರಕ್ ಬಿಡಿಭಾಗದ ಕಂಪನಿಗೂ ಮಾಲು ಕಳಿಸುತ್ತೇವೆ. ಮುಂದಿನ ಏಪ್ರಿಲ್‌ನಿಂದ ಯಾವಾಗ ಎಷ್ಟು ಮಾಲು ಬೇಕೆಂಬ ಶೆಡ್ಯೂಲ್ ಅವರ ವೆಬ್ ಪೋರ್ಟಲ್‌ನಲ್ಲಷ್ಟೇ ಸಿಗುತ್ತದೆ, ಎಎಸ್‌ಎನ್ (ಮಾಲಿನ ಮುಂಗಡ ಸೂಚನೆ) ಇಲ್ಲದ ಗಾಡಿಯನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದು ಪುಣೆಯವರು ತಿಳಿಸಿದ್ದಾರೆ. ಜರ್ಮನಿಯವರು ಇಡಿಐ (ಆರ್ಡರು, ಬಿಲ್ಲುಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಹೋಗುವ ವ್ಯವಸ್ಥೆ) ಮಾಡಿಕೊಳ್ಳಿ ಎನ್ನುತ್ತಿದ್ದಾರೆ. ಇದಕ್ಕಾಗಿ ಇಆರ್‌ಪಿ (ಇಡೀ ಉದ್ದಿಮೆಯ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್) ಕೊಳ್ಳಬೇಕೆ? ನಮ್ಮ ಒಳಗಿನ ಲೆಕ್ಕವೆಲ್ಲ ಅವರಿಗೆ ತಿಳಿದು ದರ ಇಳಿಸುವುದಕ್ಕೆ ದಾರಿಯಾಗುವುದಿಲ್ಲವೆ? ಅವರಿಗೆ ಅನುಕೂಲ, ಸರಿ, ನಮಗೇನು ಲಾಭ?

ಉತ್ತರ: ಇಆರ್‌ಪಿಯನ್ನು ಸದ್ಯಕ್ಕೆ ಕೊಳ್ಳಬೇಡಿ. ಏಪ್ರಿಲ್‌ವರೆಗೆ ಉಳಿದಿರುವ ಸಮಯವನ್ನು ಸಾಫ್ಟ್‌ವೇರ್ ಮಾರುವವರೊಂದಿಗೆ ಕಳೆಯುವ ಬದಲು ನಿಮ್ಮದೇ ಡಿಸ್ಪ್ಯಾಚ್ ವಹಿಯೊಂದಿಗೆ ಕಳೆಯಿರಿ. ಯಾಕೆಂದರೆ ಈ ಕೆಲಸ ಕೆಟ್ಟುಹೋಗುವುದು ಕಂಪ್ಯೂಟರಿನಲ್ಲಿ ಅಲ್ಲ, ಒಂದೇ ಮಾಲಿಗೆ ಎರಡು ಹೆಸರು, ಎರಡು ಅಳತೆ, ಎರಡು ಲೆಕ್ಕ ಇರುವ ಕಡೆ.

ಮೊದಲು ಒಂದು ಭ್ರಮೆ ಬಿಡಬೇಕು. ಗ್ರಾಹಕರ ಪೋರ್ಟಲ್‌ಗೆ ಲಾಗಿನ್ ಆಗಿ ಶೆಡ್ಯೂಲ್ ಇಳಿಸಿಕೊಂಡು, ಅದನ್ನು ನೋಡಿ ನಿಮ್ಮ ಗುಮಾಸ್ತರು ಎಕ್ಸೆಲ್‌ನಲ್ಲಿ ಮತ್ತೆ ಟೈಪ್ ಮಾಡಿದರೆ ಅದು ಜೋಡಣೆಯಲ್ಲ. ಅವರ ಆಫೀಸಿನ ಟೈಪಿಂಗ್ ಕೆಲಸ ನಿಮ್ಮ ಆಫೀಸಿಗೆ ಬಂದಂತಾಯಿತು, ಅಷ್ಟೆ. ಅವರ ಯಂತ್ರದಲ್ಲಿ ಹುಟ್ಟಿದ ಅಂಕಿ ಯಾರ ಕೈಬೆರಳೂ ತಾಕದೆ ನಿಮ್ಮ ಮೋಲ್ಡಿಂಗ್ ಯೋಜನೆಗೆ ಬರಬೇಕು, ನಿಮ್ಮಲ್ಲಿ ಹುಟ್ಟಿದ ರವಾನೆಯ ಅಂಕಿ ಹಾಗೆಯೇ ಅವರ ಸ್ಟೋರ್ಸ್‌ಗೆ ಹೋಗಬೇಕು. ಪೂರೈಕೆ ಸರಪಳಿಯ ಎಲೆಕ್ಟ್ರಾನಿಕ್ ಸಹಕಾರ ಎಂದು ದೊಡ್ಡ ಹೆಸರಿನಲ್ಲಿ ಕರೆಯುವುದು ಇದನ್ನೇ. ಪೋರ್ಟಲ್ ಅದರ ಮೊದಲ ಮೆಟ್ಟಿಲು ಆಗಬಹುದು. ಅನೇಕರು ಆ ಮೆಟ್ಟಿಲಿನ ಮೇಲೆಯೇ ಹತ್ತು ವರ್ಷ ಕೂತಿರುವುದನ್ನೂ ನೋಡಿದ್ದೇನೆ.

ನಿಮಗೇನು ಲಾಭ ಎಂಬ ಪ್ರಶ್ನೆಗೆ ಒಂದು ಚಿಕ್ಕ ಲೆಕ್ಕ ಮಾಡೋಣ. ಟ್ರ್ಯಾಕ್ಟರ್ ಕಂಪನಿಗೆ ವಾರಕ್ಕೆ 100 ನಗ ಬೇಕು ಎಂದಿಟ್ಟುಕೊಳ್ಳಿ. ಪುಣೆಯ ನಿಮ್ಮ ಗ್ರಾಹಕರು, ನೀವು, ನಿಮಗೆ ಪಿಗ್ ಐರನ್ ಕೊಡುವ ವ್ಯಾಪಾರಿ, ಮೂವರೂ ಎರಡು ವಾರದ ದಾಸ್ತಾನು ಇಟ್ಟುಕೊಳ್ಳುವ ರೂಢಿಯವರು, ಅಂದರೆ ತಲಾ 200. ಒಂದು ವಾರ ಟ್ರ್ಯಾಕ್ಟರ್ ಕಂಪನಿ 110 ಕೇಳುತ್ತದೆ. ಪುಣೆಯವರು ಆ 110ರ ಜೊತೆಗೆ ದಾಸ್ತಾನನ್ನು 220ಕ್ಕೆ ಏರಿಸಲು 20 ಸೇರಿಸಿ ನಿಮಗೆ 130ರ ಆರ್ಡರ್ ಕೊಡುತ್ತಾರೆ. ನಿಮಗೆ ಕಾಣುವ ಬೇಡಿಕೆ 130, ನಿಮ್ಮ ದಾಸ್ತಾನು 260 ಆಗಬೇಕು, ಆದ್ದರಿಂದ ನೀವು 190 ನಗಕ್ಕೆ ಸಾಕಾಗುವ ಕಬ್ಬಿಣ ಕೇಳುತ್ತೀರಿ. ವ್ಯಾಪಾರಿಗೆ ಕಾಣುವ ಬೇಡಿಕೆ 190, ಅವರ ದಾಸ್ತಾನು 380ಕ್ಕೆ ಏರಬೇಕು, ಆದ್ದರಿಂದ ಅವರು ಕೊಪ್ಪಳ, ಹೊಸಪೇಟೆ ಕಡೆಯ ಕುಲುಮೆಗೆ 370ರ ಆರ್ಡರ್ ಹಾಕುತ್ತಾರೆ. ಮರುವಾರ ಟ್ರ್ಯಾಕ್ಟರ್ ಕಂಪನಿಯ ಬೇಡಿಕೆ 110ರಲ್ಲೇ ನಿಲ್ಲುತ್ತದೆ. ಪುಣೆಯವರು 110 ಕೇಳುತ್ತಾರೆ, ನಿಮ್ಮ ಬಳಿ ಹೆಚ್ಚು ಉಳಿದಿರುವುದರಿಂದ ನೀವು 70 ಕೇಳುತ್ತೀರಿ, ವ್ಯಾಪಾರಿ ಏನನ್ನೂ ಕೇಳುವುದಿಲ್ಲ. ಟ್ರ್ಯಾಕ್ಟರಿನ ಬೇಡಿಕೆ ನೂರಕ್ಕೆ ಹತ್ತು ಏರಿದ್ದು ನಿಜ. ಆದರೆ ಕುಲುಮೆಯವರು ಕಂಡದ್ದು ಒಂದು ವಾರ 370, ಮರುವಾರ ಸೊನ್ನೆ.

ಇಲ್ಲಿ ಯಾರೂ ತಪ್ಪು ಮಾಡಿಲ್ಲ, ಯಾರೂ ಮೋಸ ಮಾಡಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿನ ಒಬ್ಬರ ಆರ್ಡರನ್ನಷ್ಟೇ ನೋಡಿದರು. ಎಂಐಟಿಯ ಜೇ ಫಾರೆಸ್ಟರ್ 1950ರ ದಶಕದ ಕೊನೆಯಲ್ಲೇ ಈ ಏರಿಳಿತವನ್ನು ವಿವರಿಸಿದ್ದರು. ಮುಂದೆ 1997ರಲ್ಲಿ ಹಾವ್ ಲೀ ಮತ್ತು ಸಂಗಡಿಗರು ಇದನ್ನು ಚಾಟಿಯ ಹೊಡೆತಕ್ಕೆ ಹೋಲಿಸಿ, ಕಾರಣಗಳನ್ನು ಬಿಡಿಸಿ ಬರೆದರು. ಚಾಟಿಯ ಹಿಡಿಕೆ ಸ್ವಲ್ಪ ಅಲುಗಿದರೂ ತುದಿ ದೂರ ಹಾರುತ್ತದೆ. ಫೌಂಡ್ರಿಗಳು ಇರುವುದು ಆ ತುದಿಯ ಹತ್ತಿರ. ಟ್ರ್ಯಾಕ್ಟರ್ ಕಂಪನಿಯ 110 ಎಂಬ ಅಂಕಿ ಅದೇ ದಿನ ನಿಮ್ಮ ಕಣ್ಣಿಗೂ ಬಿದ್ದಿದ್ದರೆ 190 ನಗದ ಕಬ್ಬಿಣ ತರಿಸಿ ದುಡ್ಡು ಕಟ್ಟಿಹಾಕುವ ಪ್ರಮೇಯ ಬರುತ್ತಿರಲಿಲ್ಲ. ಆದ್ದರಿಂದ ಪುಣೆಯವರೊಂದಿಗೆ ಮಾತಿಗೆ ಕೂತಾಗ ಎಎಸ್‌ಎನ್ ನಮೂನೆಯ ಬಗ್ಗೆ ಮಾತ್ರ ಕೇಳಿ ಎದ್ದು ಬರಬೇಡಿ. ಅವರ ಗ್ರಾಹಕರ ಮುಂದಿನ ಹನ್ನೆರಡು ವಾರಗಳ ಅಂದಾಜು, ಅವರ ಬಳಿ ಈಗಿರುವ ನಿಮ್ಮ ಮಾಲಿನ ದಾಸ್ತಾನು, ಈ ಎರಡು ಅಂಕಿಗಳನ್ನು ವಾರಕ್ಕೊಮ್ಮೆ ಪೋರ್ಟಲ್‌ನಲ್ಲಿ ತೋರಿಸಲು ಕೇಳಿ. ಅವರು ನಿಮ್ಮಿಂದ ಮಾಹಿತಿ ಕೇಳುತ್ತಿರುವ ಈ ಹೊತ್ತಿನಲ್ಲಿ ನೀವೂ ಕೇಳುವುದು ನ್ಯಾಯ. ಒಮ್ಮೆ ಎಲ್ಲ ಒಪ್ಪಿಕೊಂಡು ಸಹಿ ಹಾಕಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಈಗ ಡಿಸ್ಪ್ಯಾಚ್ ವಹಿಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಫೌಂಡ್ರಿಗೆ ಇಂಥದೇ ಕೆಲಸಕ್ಕೆ ಹೋಗಿದ್ದೆ. ಅವರು ಎಎಸ್‌ಎನ್ ಕಳಿಸಲು ಆರಂಭಿಸಿದ ಮೊದಲ ತಿಂಗಳಿನಲ್ಲೇ ಪ್ರತಿ ಗಾಡಿಗೂ ಹಣ ಕಡಿತದ ಡೆಬಿಟ್ ನೋಟ್ ಬರುತ್ತಿತ್ತು: ನಗ ಕಡಿಮೆ, ನಗ ಕಡಿಮೆ. ಗಾಡಿಯಲ್ಲಿ ಕಳ್ಳತನ ಆಗುತ್ತಿದೆಯೆಂದು ಡ್ರೈವರ್ ಮೇಲೆ ಅನುಮಾನ ಪಡುವವರೆಗೆ ಮಾತು ಹೋಗಿತ್ತು. ನಾನು ಡಿಸ್ಪ್ಯಾಚ್ ಕಟ್ಟೆಯ ಹತ್ತಿರ ಒಂದು ಮಧ್ಯಾಹ್ನ ನಿಂತು ನೋಡಿದೆ. ಫೆಟ್ಲಿಂಗ್ (ಎರಕದ ಅಂಚು ಸವರುವ ಕೆಲಸ) ಮುಗಿದ ಸಣ್ಣ ಬ್ರ್ಯಾಕೆಟ್‌ಗಳನ್ನು ಬಿನ್‌ಗಳಲ್ಲಿ ತುಂಬಿ ತೂಕದ ಕಾಟಾಕ್ಕೆ ಇಡುತ್ತಿದ್ದರು; ಸೀಮೆಸುಣ್ಣದಲ್ಲಿ ಬಿನ್ ಮೇಲೆ ಕಿಲೋ ಬರೆಯುತ್ತಿದ್ದರು; ಆಫೀಸಿನಲ್ಲಿ ಆ ಕಿಲೋವನ್ನು ಡ್ರಾಯಿಂಗ್‌ನಲ್ಲಿದ್ದ ತೂಕದಿಂದ ಭಾಗಿಸಿ ನಗ ಎಂದು ನಮೂದಿಸುತ್ತಿದ್ದರು. ಎಣಿಸುವವರು ಯಾರು ಎಂದು ಕೇಳಿದ್ದಕ್ಕೆ ಅಲ್ಲಿನ ಮೇಸ್ತ್ರಿ, "ಸಾಹೇಬ್ರ, ಫೌಂಡ್ರಿಯಾಗ ಮಾಲ್ ತೂಗ್ತಾರ್ರಿ, ಎಣಸೂದಿಲ್ಲ" ಎಂದರು.

ಡ್ರಾಯಿಂಗ್ ತೂಕ 2.40 ಕಿಲೋ. ಮರಳು ಸ್ವಲ್ಪ ಸಡಿಲವಾಗಿ ಬಡಿದಿದ್ದರೆ ಅಚ್ಚು ಉಬ್ಬುತ್ತದೆ, ಎರಕ ಭಾರವಾಗುತ್ತದೆ. ನಿಜವಾದ ತೂಕ 2.46 ಬರುತ್ತಿತ್ತು. 1,000 ನಗದ ತೂಕ 2,460 ಕಿಲೋ, ಅದನ್ನು 2.40ರಿಂದ ಭಾಗಿಸಿದರೆ 1,025. ಎಎಸ್‌ಎನ್‌ನಲ್ಲಿ 1,025, ಗಾಡಿಯಲ್ಲಿ 1,000. ಕಾಗದದ ಕಾಲದಲ್ಲಿ ಖರೀದಿಯೂ ಕಿಲೋ ಲೆಕ್ಕದಲ್ಲೇ ನಡೆಯುತ್ತಿದ್ದುದರಿಂದ ಈ ವ್ಯತ್ಯಾಸ ಯಾರಿಗೂ ತೊಡಕಾಗಿರಲಿಲ್ಲ. ಎರಡೂ ಕಡೆಯ ಯಂತ್ರಗಳು ಮುಖಾಮುಖಿ ಆದ ಕೂಡಲೇ ಹಳೆಯ ರೂಢಿ ಹೊಸ ತಪ್ಪಾಯಿತು. ಪರಿಹಾರಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ. ಬಿನ್ನಿಗೆ ಇಷ್ಟೇ ನಗ ಎಂದು ನಿಗದಿ ಮಾಡಿದರು, ತೂಕವನ್ನು ತಾಳೆ ನೋಡುವುದಕ್ಕೆ ಮಾತ್ರ ಉಳಿಸಿಕೊಂಡರು.

ನಿಮ್ಮಲ್ಲೂ ಇದೇ ಇರುತ್ತದೆ ಎಂದು ಹೇಳಲಾರೆ, ಆದರೆ ಬೇರೊಂದು ರೂಪದಲ್ಲಾದರೂ ಇದ್ದೇ ಇರುತ್ತದೆ. ಖರೀದಿ ಆದೇಶ ಕಿಲೋದಲ್ಲಿದೆಯೋ ನಗದಲ್ಲಿದೆಯೋ, ಗ್ರಾಹಕರ ಪಾರ್ಟ್ ನಂಬರಿನ ಕೊನೆಯಲ್ಲಿರುವ ಡ್ರಾಯಿಂಗ್ ಪರಿಷ್ಕರಣೆಯ ಅಕ್ಷರ ನಿಮ್ಮ ಪ್ಯಾಟರ್ನ್ (ಅಚ್ಚು ಮಾಡಲು ಬಳಸುವ ಮಾದರಿ) ಮೇಲಿರುವುದಕ್ಕೆ ಹೊಂದುತ್ತದೆಯೋ, ಬರಿ ಎರಕಕ್ಕೂ ಮಶೀನಿಂಗ್ ಆದ ಮಾಲಿಗೂ ಪ್ರತ್ಯೇಕ ನಂಬರ್ ಇದೆಯೋ ಎಂಬುದನ್ನು ಈಗಲೇ ನೋಡಿ. ಮನುಷ್ಯರಾದರೆ "ಅದೇ ಮಾಲ್ ಬಿಡ್ರಿ" ಎಂದು ಗೇಟಿನಲ್ಲಿ ಬಿಡುತ್ತಾರೆ, ಯಂತ್ರ ಬಿಡುವುದಿಲ್ಲ.

ಎಎಸ್‌ಎನ್ ಎಂದರೆ ಗಾಡಿ ತಲುಪುವ ಮುನ್ನವೇ ಅದರಲ್ಲಿ ಏನಿದೆ ಎಂದು ತಿಳಿಸುವ ಮುಂಗಡ ಸೂಚನೆ. ಇಡಿಐಯ ಮೂಲವನ್ನು ಹೇಳುವವರು 1948ರ ಬರ್ಲಿನ್ ಏರ್‌ಲಿಫ್ಟ್ ಹೆಸರು ತೆಗೆಯುತ್ತಾರೆ. ವಿಮಾನದಲ್ಲಿ ಬರುವ ಸರಕಿನ ಪಟ್ಟಿ ಒಂದೊಂದು ನಮೂನೆಯಲ್ಲಿದ್ದು ಇಳಿಸುವವರು ಕಂಗಾಲಾದಾಗ, ಅಮೆರಿಕದ ಸೇನೆಯ ಎಡ್ ಗಿಲ್ಬರ್ಟ್ ಎಂಬವರು ಎಲ್ಲರಿಗೂ ಒಂದೇ ನಮೂನೆ ಮಾಡಿ ಮುಂಚಿತವಾಗಿ ತಂತಿಯಲ್ಲಿ ಕಳಿಸುವ ಕ್ರಮ ತಂದರು. ನಿಮ್ಮ ಎಎಸ್‌ಎನ್ ಅದರ ಮೊಮ್ಮಗ.

ಅದನ್ನು ಪ್ರತ್ಯೇಕವಾಗಿ ಟೈಪ್ ಮಾಡುವ ಅಗತ್ಯವಿಲ್ಲ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ನಿಮ್ಮ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ 2023ರ ಆಗಸ್ಟ್ 1ರಿಂದ ನೀವು ಇ-ಇನ್‌ವಾಯ್ಸ್ ಮಾಡುತ್ತಲೇ ಇದ್ದೀರಿ. ಸರ್ಕಾರದ ಪೋರ್ಟಲ್‌ಗೆ ಹೋಗುವ ಆ ಕಡತ ಯಂತ್ರ ಓದಬಲ್ಲ ಜೇಸನ್ ರೂಪದಲ್ಲಿರುತ್ತದೆ, ಅದಕ್ಕೆ 64 ಅಕ್ಷರಗಳ ಐಆರ್‌ಎನ್ (ಬಿಲ್ಲಿನ ಗುರುತು ಸಂಖ್ಯೆ) ಮತ್ತು ಕ್ಯೂಆರ್ ಕೋಡ್ ಬರುತ್ತದೆ. ಅದರಲ್ಲಿ ಕಡ್ಡಾಯವಲ್ಲದ ಕೆಲವು ಕಾಲಂಗಳಿವೆ: ಖರೀದಿ ಆದೇಶದ ಸಂಖ್ಯೆ, ಆದೇಶದ ಯಾವ ಸಾಲಿಗೆ ಈ ಮಾಲು ಎಂಬುದು, ಬ್ಯಾಚಿನ ಹೆಸರು. ಬಹುತೇಕರು ಇವನ್ನು ಖಾಲಿ ಬಿಡುತ್ತಾರೆ. ಇವನ್ನು ತುಂಬಿಸಿ, ಬ್ಯಾಚ್ ಜಾಗದಲ್ಲಿ ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹದ ಗುರುತು) ಹಾಕಿದರೆ ಎಎಸ್‌ಎನ್‌ಗೆ ಬೇಕಾದ ಬಹುಪಾಲು ಅಂಕಿ ನಿಮ್ಮ ಕೈಯಲ್ಲೇ ಇದ್ದಂತೆ. ಪುಣೆಯವರ ಪೋರ್ಟಲ್ ಎಕ್ಸೆಲ್ ಅಥವಾ ಸಿಎಸ್‌ವಿ ಕಡತ ಸ್ವೀಕರಿಸುತ್ತದೆಯೆ ಎಂದು ಕೇಳಿ. ಸ್ವೀಕರಿಸುವುದಾದರೆ ನಿಮ್ಮ ಅಕೌಂಟ್ಸ್ ಸಾಫ್ಟ್‌ವೇರಿನಿಂದ ಆ ನಮೂನೆಯಲ್ಲಿ ಕಡತ ತೆಗೆಯುವ ವ್ಯವಸ್ಥೆಯನ್ನು ಊರಿನಲ್ಲೇ ಇರುವ ಅದರ ಡೀಲರ್ ಮಾಡಿಕೊಡಬಲ್ಲರು. ಬೆಳಗಾವಿಯಿಂದ ಪುಣೆಗೆ ಸುಮಾರು 340 ಕಿಲೋಮೀಟರ್; ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಎರಡು ದಿನದ ಅವಧಿ ಇರುತ್ತದೆ, ಆದ್ದರಿಂದ ಎಎಸ್‌ಎನ್ ತಪ್ಪಾಗಿ ಗಾಡಿ ಗೇಟಿನಲ್ಲಿ ನಿಂತರೆ ಬಾಡಿಗೆಯ ಜೊತೆಗೆ ಆ ಅವಧಿಯ ಮೇಲೂ ಕಣ್ಣಿಡಬೇಕಾಗುತ್ತದೆ.

ಹೀಟ್ ನಂಬರ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬ್ಲೋ ಹೋಲ್ (ಎರಕದೊಳಗಿನ ಗಾಳಿಯ ತೂತು) ಕಂಡುಬಂದು ರಿಜೆಕ್ಷನ್ ಬಂದಾಗ ಎಎಸ್‌ಎನ್‌ನಲ್ಲಿ ಹೀಟ್ ನಂಬರ್ ಇದ್ದರೆ ಆ ಒಂದು ಹೀಟಿನ ಮಾಲನ್ನಷ್ಟೇ ಬೇರ್ಪಡಿಸುತ್ತಾರೆ. ಇಲ್ಲದಿದ್ದರೆ ಇಡೀ ಗಾಡಿಯನ್ನೇ ತಡೆಹಿಡಿಯುತ್ತಾರೆ. ಲೋಹದಲ್ಲಿ ಏನೆಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋ ವರದಿಯನ್ನು ಅದೇ ನಂಬರಿಗೆ ಜೋಡಿಸಿ ಕಳಿಸಿದರೆ ಇನ್ನೂ ಒಳ್ಳೆಯದು.

ಜರ್ಮನಿಯವರ ಇಡಿಐ ಬೇರೆ ಜಾತಿಯದು. ಅಮೆರಿಕದ ಗ್ರಾಹಕರು ಎಕ್ಸ್12 ಎಂಬ ಮಾನಕ ಬಳಸುತ್ತಾರೆ, ಅಲ್ಲಿ ಎಎಸ್‌ಎನ್‌ಗೆ 856, ಬಿಲ್ಲಿಗೆ 810 ಎಂದು ನಂಬರಿನ ಹೆಸರು. ಯುರೋಪಿನವರು ವಿಶ್ವಸಂಸ್ಥೆಯ ಆಶ್ರಯದಲ್ಲಿ ಬಂದ ಎಡಿಫ್ಯಾಕ್ಟ್ ಬಳಸುತ್ತಾರೆ. ಶೆಡ್ಯೂಲ್‌ಗೆ ಡೆಲ್‌ಫೋರ್, ರವಾನೆಗೆ ಡೆಸ್‌ಅಡ್ವ್, ಬಿಲ್ಲಿಗೆ ಇನ್‌ವಾಯ್ಕ್. ಜರ್ಮನಿಯ ವಾಹನೋದ್ಯಮದಲ್ಲಿ ಹಳೆಯ ವಿಡಿಎ ನಮೂನೆಗಳೂ ಇವೆ, ಶೆಡ್ಯೂಲ್‌ಗೆ 4905, ರವಾನೆಗೆ 4913. ಇವನ್ನೆಲ್ಲ ನೀವು ಕಲಿಯಬೇಕಾಗಿಲ್ಲ. ತಿಂಗಳಿಗೆ ನಾಲ್ಕಾರು ರವಾನೆ ಇರುವವರು ವೆಬ್ ಇಡಿಐ ಸೇವೆ ಕೊಡುವವರ ಮೂಲಕ ಹೋಗುವುದೇ ಸರಿ. ಅವರು ಭಾಷಾಂತರಕಾರರಂತೆ ನಡುವೆ ಕೂತು ನಿಮ್ಮ ಸಾಮಾನ್ಯ ಕಡತವನ್ನು ಆ ನಮೂನೆಗೆ ತಿರುಗಿಸುತ್ತಾರೆ. ಒಂದು ಎಚ್ಚರ ಮಾತ್ರ ಇರಲಿ: ಸಂದೇಶ ಕಳಿಸಿದರೆ ಮುಗಿಯಲಿಲ್ಲ, ಅತ್ತಲಿಂದ ಸ್ವೀಕೃತಿಯ ಸಂದೇಶ ಬಂತೆ ಎಂದು ಪ್ರತಿದಿನ ನೋಡುವವರು ಒಬ್ಬರಿರಬೇಕು. ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದು, ಸಂದೇಶಗಳು ಸದ್ದಿಲ್ಲದೆ ನಿಂತುಹೋಗಿ, ಕಂಟೇನರ್ ಬಂದರು ತಲುಪಿದ ಮೇಲೆ ಗೊತ್ತಾದ ಉದಾಹರಣೆಗಳಿವೆ.

ಜರ್ಮನಿಯ ಶೆಡ್ಯೂಲ್ ಓದುವಾಗ ನಮ್ಮ ಕಡೆಯವರು ಎಡವುವುದು ಸಂಚಿತ ಸಂಖ್ಯೆಯಲ್ಲಿ. ಅವರು ಈ ವಾರ ಇಷ್ಟು ಕಳಿಸಿ ಎನ್ನುವುದಕ್ಕಿಂತ, ಲೆಕ್ಕ ಶುರುವಾದ ದಿನದಿಂದ ಈವರೆಗೆ ನಮಗೆ ಬಂದದ್ದು ಇಷ್ಟು, ತಿಂಗಳ ಕೊನೆಗೆ ಒಟ್ಟು ಇಷ್ಟು ಆಗಬೇಕು ಎನ್ನುತ್ತಾರೆ. ಬಂದದ್ದು 4,700, ಆಗಬೇಕಾದ್ದು 5,200 ಎಂದಿದ್ದರೆ ಗುಮಾಸ್ತರು 500 ಎಂದು ಬರೆದುಕೊಳ್ಳುತ್ತಾರೆ. ಆದರೆ ನವಿ ಮುಂಬಯಿಯ ನ್ಹಾವಾ ಶೇವಾ ಬಂದರಿನಿಂದ ಹೊರಟ 350 ನಗ ಇನ್ನೂ ಸಮುದ್ರದ ಮೇಲಿದೆ. ನೀವು ಹೊಯ್ಯಬೇಕಾದ್ದು 150 ಮಾತ್ರ. ನೀವು ಈವರೆಗೆ ಕಳಿಸಿದ ಒಟ್ಟು ಸಂಖ್ಯೆಯನ್ನು ನಿಮ್ಮ ಕಡೆಯೂ ಸಂಚಿತವಾಗಿಯೇ ಇಟ್ಟುಕೊಂಡು, 5,200ರಿಂದ 5,050 ಕಳೆದರೆ ಉತ್ತರ ತಾನಾಗಿ ಬರುತ್ತದೆ. ಈ ಪದ್ಧತಿಯ ಸೊಗಸೆಂದರೆ ನಡುವೆ ಒಂದು ಸಂದೇಶ ಕಳೆದುಹೋದರೂ ಮುಂದಿನ ಸಂದೇಶ ಲೆಕ್ಕವನ್ನು ಸರಿಪಡಿಸುತ್ತದೆ. ರಿಜೆಕ್ಟ್ ಆದ ಮಾಲನ್ನು ಸಂಚಿತದಿಂದ ಕಳೆಯುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ, ಯಾಕೆಂದರೆ ಎಲ್ಲ ಗ್ರಾಹಕರೂ ಒಂದೇ ರೀತಿ ಮಾಡುವುದಿಲ್ಲ.

ನಿಮ್ಮ ಭಯದ ಬಗ್ಗೆ: ಅದು ಪೂರ್ತಿ ಆಧಾರವಿಲ್ಲದ್ದಲ್ಲ. ಕುಲುಮೆ ಎಷ್ಟು ಹೊತ್ತು ಖಾಲಿ ಇದೆ, ಟನ್ನಿಗೆ ಎಷ್ಟು ಯೂನಿಟ್ ವಿದ್ಯುತ್ ಹೋಗುತ್ತದೆ, ಸ್ಕ್ರ್ಯಾಪ್ ಯಾವ ದರಕ್ಕೆ ಬಂತು ಎಂಬುದು ಗ್ರಾಹಕರಿಗೆ ಸಿಕ್ಕರೆ ದರದ ಮಾತುಕತೆಯಲ್ಲಿ ಅದು ನಿಮ್ಮ ವಿರುದ್ಧವೇ ಬರುತ್ತದೆ. ಸಹಕಾರಕ್ಕೆ ಇವು ಬೇಕಾಗಿಯೂ ಇಲ್ಲ. ಅವರಿಗೆ ಬೇಕಾದ್ದು ಬದ್ಧತೆ: ಯಾವ ದಿನ, ಎಷ್ಟು ನಗ, ಯಾವ ಹೀಟಿನದು. ನಿಮ್ಮ ಕಂಪ್ಯೂಟರಿಗೆ ಅವರ ಲಾಗಿನ್ ಕೊಡುವ ಬೇಡಿಕೆ ಬಂದರೆ ವಿನಯದಿಂದ ನಿರಾಕರಿಸಿ, ಅದರ ಬದಲು ಪ್ರತಿ ಸೋಮವಾರ ಸಿದ್ಧ ಮಾಲಿನ ಮತ್ತು ಮಶೀನಿಂಗ್‌ನಲ್ಲಿರುವ ಮಾಲಿನ ಸಂಖ್ಯೆಯನ್ನು ನೀವೇ ಕಳಿಸಿ.

ನನ್ನ ಅಭಿಪ್ರಾಯದಲ್ಲಿ ಗುಟ್ಟು ಹೊರಬೀಳುವುದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಹನ್ನೆರಡು ವಾರಗಳ ಶೆಡ್ಯೂಲ್ ಪರದೆಯ ಮೇಲೆ ಕಾಣುತ್ತದೆ, ನೀವು ಅದನ್ನು ನಂಬಿ ಕಬ್ಬಿಣ ತರಿಸುತ್ತೀರಿ, ಏಳನೆಯ ವಾರಕ್ಕೆ ಆ ಅಂಕಿ ಮಾಯವಾಗುತ್ತದೆ. ಆದ್ದರಿಂದ ಯಾವ ವಾರದವರೆಗಿನ ಅಂಕಿ ಖಚಿತ ಆದೇಶ, ಯಾವ ವಾರದವರೆಗೆ ಕಚ್ಚಾ ಮಾಲಿನ ಹೊಣೆ ಅವರದು, ಅದರಾಚೆ ಯಾವುದು ಬರಿ ಅಂದಾಜು ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಇದು ನಾನು ಹೊಸದಾಗಿ ಹೇಳುತ್ತಿರುವುದಲ್ಲ. ಅಮೆರಿಕದ ವಾಹನೋದ್ಯಮದ 830 ಎಂಬ ಶೆಡ್ಯೂಲ್ ಸಂದೇಶದಲ್ಲಿ ತಯಾರಿಕೆಗೆ ಇಷ್ಟು, ಕಚ್ಚಾ ಮಾಲಿಗೆ ಇಷ್ಟು ಎಂದು ಅನುಮತಿಯನ್ನು ಬೇರೆ ಬೇರೆಯಾಗಿ ನಮೂದಿಸುವುದಕ್ಕೆ ಜಾಗವೇ ಇದೆ. ಎಲೆಕ್ಟ್ರಾನಿಕ್ ಆಗಿ ಬಂದ ಆದೇಶಕ್ಕೆ ಕಾನೂನಿನ ಬಲವಿಲ್ಲ ಎಂಬ ಹಿಂಜರಿಕೆ ಬೇಡ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ ಎನ್ನುತ್ತದೆ. ಪೋರ್ಟಲ್‌ನಲ್ಲಿ ಹಳೆಯ ಶೆಡ್ಯೂಲ್ ಅಳಿಸಿ ಹೊಸದು ಬರುವುದರಿಂದ, ಪ್ರತಿ ವಾರದ ಶೆಡ್ಯೂಲನ್ನು ಇಳಿಸಿಕೊಂಡು ದಿನಾಂಕ ಹಾಕಿ ಇಡುವ ಅಭ್ಯಾಸ ಮಾಡಿಕೊಳ್ಳಿ.

ಲಾಭದ ಇನ್ನೊಂದು ಮುಖ ಹಣದ್ದು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಹಣ ಕೊಡಲು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಗಡುವಿನೊಳಗೆ ಹಣ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯಲು ಬಿಡದ 43ಬಿ(ಎಚ್) ನಿಯಮ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ ಮೇಲೆ ಖರೀದಿದಾರರಿಗೂ ಅದರ ಬಿಸಿ ತಟ್ಟುತ್ತಿದೆ. ಆದರೆ ಆ ದಿನಗಳನ್ನು ಯಾವಾಗಿನಿಂದ ಎಣಿಸುವುದು ಎಂಬುದೇ ಇಷ್ಟು ಕಾಲ ಜಗಳ. ಮಾಲು ತಲುಪಿ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ತಲುಪಿದ ದಿನವೇ ಒಪ್ಪಿಗೆಯ ದಿನ ಎಂದು ಕಾಯ್ದೆ ಹೇಳುತ್ತದೆ; ತಲುಪಿದ ದಿನಕ್ಕೆ ಸಾಕ್ಷಿಯಾಗಿ ಗೇಟ್ ಎಂಟ್ರಿ ಮತ್ತು ಜಿಆರ್‌ಎನ್ (ಮಾಲು ಸ್ವೀಕರಿಸಿದ ಚೀಟಿ) ಈಗ ಪೋರ್ಟಲ್‌ನಲ್ಲೇ ಸಿಗುತ್ತವೆ. ಪುಣೆಯವರ ವಹಿವಾಟು 250 ಕೋಟಿ ದಾಟಿದ್ದರೆ ಅವರು ಟ್ರೆಡ್ಸ್ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳಬೇಕಾದ್ದು ಕಡ್ಡಾಯ. ಅವರು ಅಲ್ಲಿ ನಿಮ್ಮ ಬಿಲ್ಲನ್ನು ಒಪ್ಪಿಕೊಂಡರೆ ಬ್ಯಾಂಕುಗಳು ಅದರ ಮೇಲೆ ಬಡ್ಡಿದರ ಕೂಗಿ ನಿಮಗೆ ಮುಂಚಿತವಾಗಿ ಹಣ ಕೊಡುತ್ತವೆ. ನೋಂದಣಿ ಒಂದು ವಿಷಯ, ನಿಜವಾಗಿ ಬಿಲ್ ಹಾಕುವುದು ಇನ್ನೊಂದು. ಅದನ್ನೂ ಅದೇ ಮಾತುಕತೆಯಲ್ಲಿ ಕೇಳಿ.

ಪುಣೆಯಿಂದ ಬಂದ ಅಂಕಿ ನಿಮ್ಮಲ್ಲಿಗೇ ನಿಂತರೆ ಚಾಟಿಯ ತುದಿ ನಿಮ್ಮ ಮಶೀನ್ ಶಾಪ್‌ನವರಿಗೆ ಬಡಿಯುತ್ತದೆ. ಶನಿವಾರ ರಾತ್ರಿ ಫೋನ್ ಮಾಡಿ ಸೋಮವಾರ ಮಾಲು ಬೇಕು ಎನ್ನುವ ನಮ್ಮ ಪದ್ಧತಿ ಹುಟ್ಟಿದ್ದೇ ಹೀಗೆ. ಅವರಿಗೆ ಪೋರ್ಟಲ್ ಕಟ್ಟಿಕೊಡಲು ಹೋಗಬೇಡಿ. ಪಾರ್ಟ್ ನಂಬರ್, ಕೊಟ್ಟ ನಗ, ಮರಳಿ ಬಂದ ನಗ, ಮುಂದಿನ ನಾಲ್ಕು ವಾರಕ್ಕೆ ಬೇಕಾದ ನಗ ಎಂಬ ಸ್ಥಿರ ಕಾಲಂಗಳಿರುವ ಒಂದು ಹಂಚಿಕೊಂಡ ಶೀಟ್ ಸಾಕು. ವಾಟ್ಸಾಪ್ ಸಂದೇಶ ಸಾಲದು, ಅದರಲ್ಲಿ ಕೊನೆಯ ಅಂಕಿ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಜಾಬ್ ವರ್ಕ್‌ಗೆ ಕೊಟ್ಟ ಮಾಲು ಒಂದು ವರ್ಷದೊಳಗೆ ಮರಳಬೇಕೆಂಬ ಜಿಎಸ್‌ಟಿ ನಿಯಮದ ಲೆಕ್ಕಕ್ಕೂ ಈ ಶೀಟ್ ಒದಗುತ್ತದೆ.

ಏಪ್ರಿಲ್‌ಗೆ ಮುಂಚೆ ಒಂದು ತಿಂಗಳಾದರೂ ಕಾಗದ ಮತ್ತು ಎಎಸ್‌ಎನ್ ಎರಡನ್ನೂ ಒಟ್ಟಿಗೆ ನಡೆಸಲು ಪುಣೆಯವರ ಒಪ್ಪಿಗೆ ಪಡೆಯಿರಿ, ಆ ತಿಂಗಳ ತಪ್ಪುಗಳಿಗೆ ಡೆಬಿಟ್ ನೋಟ್ ಬೇಡವೆಂದು ಕೇಳಿ. ಈ ಕೆಲಸವನ್ನು ಕಂಪ್ಯೂಟರ್ ಕಲಿತ ಹೊಸ ಹುಡುಗರಿಗೆ ಒಪ್ಪಿಸುವ ಆಸೆ ನಿಮಗಿರಬಹುದು. ನಾನಾದರೆ ತಂದೆಯವರ ಕಾಲದಿಂದ ಡಿಸ್ಪ್ಯಾಚ್ ನೋಡಿಕೊಂಡು ಬಂದ ಹಿರಿಯರು ಯಾರಾದರೂ ಇದ್ದರೆ ಅವರನ್ನೇ ಮೊದಲು ಕೂರಿಸುತ್ತೇನೆ. ಗ್ರಾಹಕರ ಪಾರ್ಟ್ ನಂಬರ್, ನಿಮ್ಮ ಪ್ಯಾಟರ್ನ್ ನಂಬರ್, ಮೋಲ್ಡಿಂಗ್‌ನ ಹುಡುಗರು ಆ ಮಾಲನ್ನು ಕರೆಯುವ ಹೆಸರು, ಬಿನ್ನಿಗೆ ಎಷ್ಟು ನಗ, ನಿಜವಾದ ತೂಕ ಎಷ್ಟು, ಈ ಐದು ಕಾಲಂಗಳ ಪಟ್ಟಿಯನ್ನು ಎರಡು ಸಂಜೆ ಕೂತು ಅವರು ಹೇಳುತ್ತ ಹೋಗಲಿ, ಹುಡುಗರು ಟೈಪ್ ಮಾಡಲಿ. ಯಾವ ಇಆರ್‌ಪಿಯವರು ಬಂದರೂ ಮೊದಲ ದಿನ ಕೇಳುವುದು ಆ ಪಟ್ಟಿಯನ್ನೇ.